ಲಸಿಕೆ ನಂತರ ಹಸುವಿಗೆ ತೊಂದರೆಯಾದರೆ ಆರು ತಿಂಗಳು ಕಾಯಬೇಡಿ

ಕಿಬ್ಬನಹಳ್ಳಿ ಕಡೆಯ ಒಂದು ಊರಿಗೆ ಕಾಲುಬಾಯಿ ಜ್ವರದ ಲಸಿಕೆಗೆ ಹೋಗಿದ್ದೆ. ಒಬ್ಬ ತಾಯಿ ತೆಂಗಿನ ಮರಕ್ಕೆ ಕಟ್ಟಿದ್ದ ಹಸುವಿನ ಹತ್ತಿರಕ್ಕೇ ಬಿಡಲಿಲ್ಲ. "ಹೋದ ಸಲ ಸೂಜಿ ಹಾಕಿಸಿ ನಾಕು ದಿನಕ್ಕೆ ಕಂದು ಹಾಕ್ತು ಡಾಕ್ಟ್ರೇ, ಈ ಸಲ ಬೇಡ" ಅಂದರು. ಅದು ಆರು ತಿಂಗಳ ಹಿಂದಿನ ಮಾತು. ಕಂದನ್ನು ತಿಪ್ಪೆ ಪಕ್ಕ ಹೂತಿದ್ದರು. ಲಸಿಕೆಯಿಂದ ಆಯಿತೋ, ಬ್ರುಸೆಲ್ಲಾ ರೋಗದಿಂದಲೋ, ಹೇಳುವಂತಿರಲಿಲ್ಲ. ಅವರ ಮಾತನ್ನು ಅಲ್ಲಗಳೆಯಲು ನನ್ನ ಬಳಿಯೂ ಏನೂ ಇರಲಿಲ್ಲ.

ನಿಮ್ಮ ಮಗುವಿಗೆ ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರಲ್ಲ? ಮಗು ಆಸ್ಪತ್ರೆ ಸೇರುವಂಥದ್ದೇನಾದರೂ ಆದರೆ ಅದರ ವರದಿ ಜಿಲ್ಲೆ, ರಾಜ್ಯ ದಾಟಿ ದೆಹಲಿವರೆಗೆ ಹೋಗುತ್ತದೆ. ವರದಿ ಮಾಡಿದ ಮಾತ್ರಕ್ಕೆ ತಪ್ಪು ಲಸಿಕೆಯದೇ ಎಂದಲ್ಲ, ಲಸಿಕೆಯ ನಂತರ ಹೀಗಾಯಿತು ಎಂದಷ್ಟೇ. ಕಾರಣ ಆಮೇಲೆ ಹುಡುಕುತ್ತಾರೆ. ನಾಲ್ಕಾರು ಊರಿಂದ ಒಂದೇ ಬ್ಯಾಚಿನ ಬಗ್ಗೆ ಒಂದೇ ದೂರು ಬಂದರೆ ಮಾತ್ರ ಅದು ಕಣ್ಣಿಗೆ ಬೀಳುವುದು. ದನಗಳಿಗೂ ಇದೇ ಲೆಕ್ಕ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಿವಿ ಓಲೆಯ 12 ಅಂಕಿಯ ಸಂಖ್ಯೆಗೆ ಲಸಿಕೆ ದಾಖಲಾಗುತ್ತದೆ. ಆದರೆ ಆಮೇಲೆ ಕೊಟ್ಟಿಗೆಯಲ್ಲಿ ಏನಾಯಿತೆಂದು ಕಿವಿ ಓಲೆ ಹೇಳುವುದಿಲ್ಲ, ನೀವೇ ಹೇಳಬೇಕು.

ಒಂದೆರಡು ದಿನ ಹಾಲು ಇಳಿಯುವುದು, ಸ್ವಲ್ಪ ಜ್ವರ, ಸೂಜಿ ಚುಚ್ಚಿದ ಕಡೆ ಗಂಟು ಇವೆಲ್ಲ ಸಾಮಾನ್ಯ. ಆ ಹಾಲನ್ನು ಡೇರಿಗೆ ಹಾಕಬಹುದು. ಆದರೆ ಲಸಿಕೆ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಕಣ್ಣು, ಮುಖ ಊದಿ, ಜೊಲ್ಲು ಸುರಿದು, ಏದುಸಿರು ಬಿಟ್ಟು ಹಸು ತೂರಾಡಿದರೆ ಒಂದು ನಿಮಿಷವೂ ತಡ ಬೇಡ. ಇದಕ್ಕೆ ನಮ್ಮ ಬ್ಯಾಗಿನಲ್ಲೇ ಔಷಧಿ ಇರುತ್ತದೆ. ಅದಕ್ಕೇ ನಾವು ಮುಂದಿನ ಮನೆಗೆ ಹೋದರೂ ಅರ್ಧ ಗಂಟೆ ಹಸುವಿನ ಮೇಲೆ ಕಣ್ಣಿಡಿ, ಮೇಯಲು ಬಿಡಬೇಡಿ. ನಾವು ಊರು ಬಿಟ್ಟಿದ್ದರೆ 1962ಕ್ಕೆ ಫೋನ್ ಮಾಡಿ.

ಗಬ್ಬದ ಹಸುವಾದರೆ ಎಷ್ಟು ತಿಂಗಳೆಂದು ಸೂಜಿಗೆ ಮೊದಲೇ ಹೇಳಿ. ತುಂಬು ಗಬ್ಬಕ್ಕೆ ಈಗ ಹಾಕುವುದಿಲ್ಲ, ಕರು ಹಾಕಿದ ಮೇಲೆ ಹಾಕುತ್ತೇವೆ. ಕಂದು ಹಾಕಿದರೆ, ಲಸಿಕೆ ಹಾಕಿಸಿರಲಿ ಬಿಡಲಿ, ಕಂದನ್ನೂ ಸತ್ತೆಯನ್ನೂ ಬರಿಗೈಲಿ ಮುಟ್ಟಬೇಡಿ, ನಾಯಿಗೆ ಸಿಗದಂತೆ ಮುಚ್ಚಿಟ್ಟು ಅಂದೇ ತಿಳಿಸಿ. ಬ್ರುಸೆಲ್ಲಾ ಮನುಷ್ಯರಿಗೂ ಅಂಟುತ್ತದೆ. 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಹಾಕುವ ಅದರ ಲಸಿಕೆಯಲ್ಲಿರುವುದು ಜೀವಂತ ರೋಗಾಣು. ಹಾಗಾಗಿ ಆಗ ಕರು ಹಿಡಿಯಲು ಬಸುರಿಯರು ಬರಬೇಡಿ. ಸೂಜಿ ಅಕಸ್ಮಾತ್ ನಿಮಗೇ ತಾಗಿದರೆ ಮುಚ್ಚಿಡದೆ ಆಸ್ಪತ್ರೆಗೆ ಹೋಗಿ.

ಲಸಿಕೆ ದಿನ ಬಾಟಲಿಯ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಬ್ಯಾಚ್ ನಂಬರ್ ಅದರಲ್ಲೇ ಇರುತ್ತದೆ. ಕೇಳಿದರೆ ನಮಗೇನೂ ಬೇಸರವಿಲ್ಲ.

ಅಂದು ಆ ತಾಯಿ ಕರುವಿಗೆ ಮಾತ್ರ ಲಸಿಕೆ ಹಾಕಿಸಿದರು. ಹಸುವಿನ ರಕ್ತ ತೆಗೆದು ಬ್ರುಸೆಲ್ಲಾ ಪರೀಕ್ಷೆಗೆ ಕಳಿಸಿದ್ದೇನೆ.