ಗೆರೆಯಾಚೆ ಒಂದೇ ಸಾಲು

ಗರ್ಭಕೊರಳಿನ ಸ್ಲೈಡು. ಬೆಂಗಳೂರಿನ ವೈದ್ಯಕೀಯ ಕಾಲೇಜೊಂದರಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ ಇಟ್ಟಿಗೆ ಪೇರಿಸಿದಂತೆ ಗುಲಾಬಿ ಜೀವಕೋಶಗಳ ಪದರ ಪದರ ಕಂಡಿತು. ‘ಒಂಚೂರು ಸರಿಸಿ ನೋಡಿ’ ಎಂದರು ಪ್ರಾಧ್ಯಾಪಕಿ. ಸರಿಸಿದೆ. ಒಂದು ಗೆರೆಯ ಹತ್ತಿರ ಪದರಗಳೆಲ್ಲ ಥಟ್ಟನೆ ಮುಗಿದವು. ಅಲ್ಲಿಂದಾಚೆ ಪುಟ್ಟ ಕಂಬಗಳದ್ದು ಒಂದೇ ಸಾಲು. ವಾರ ಕಳೆದರೂ ಆ ಗೆರೆ ಕಣ್ಣಿಂದ ಹೋಗಿಲ್ಲ.

ಎಚ್‌ಐವಿ ನುಗ್ಗುವುದು ಈ ತೆಳು ಸಾಲಿನಲ್ಲೇ ಎಂದುಕೊಂಡೆ. ಅಷ್ಟು ಸರಳವಲ್ಲ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಥಾಮಸ್ ಹೋಪ್ ತಂಡ 2014ರಲ್ಲಿ ಎಚ್‌ಐವಿಯ ಸೋದರ ವೈರಾಣುವನ್ನು ಕೋತಿಗಳಲ್ಲಿ ಪರೀಕ್ಷಿಸಿದಾಗ, ದಪ್ಪ ಗೋಡೆಯ ಯೋನಿಯಿಂದ ಅಂಡಾಶಯದವರೆಗೂ ಸೋಂಕಿನ ಗುರುತು ಸಿಕ್ಕಿತ್ತು. ಮೊದಲ 48 ಗಂಟೆಗಳಲ್ಲಿ ವೈರಾಣು ಹೆಚ್ಚಾಗಿ ಹಿಡಿಯುವುದು ಟಿಎಚ್17 ಕೋಶಗಳನ್ನು. ಲೋಳೆಪೊರೆಯನ್ನು ಬೂಷ್ಟು, ಬ್ಯಾಕ್ಟೀರಿಯಾಗಳಿಂದ ಕಾಯುವ ಕಾವಲುಗಾರರೇ ಅವು. ಉರಿಯೂತವಾದರೆ ದೇಹ ಟಿಎಚ್17ನಂಥ ಇನ್ನಷ್ಟು ಸಿಡಿ4 ಕೋಶಗಳನ್ನು ಅಲ್ಲಿಗೆ ಕಳಿಸುತ್ತದೆ. ವೈರಾಣುವಿಗೆ ಬೇಕಾದದ್ದೂ ಅವೇ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೋಡೆಗಿಂತ ಅದರ ಮೇಲಿನ ಲೋಳೆ. ಅಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕ್ರಿಸ್ಪೇಟಸ್ ಎಂಬ ಬ್ಯಾಕ್ಟೀರಿಯಾ ವಾಸವಿರುತ್ತದೆ. ನಮ್ಮ ಮೊಸರಿನ ಹೆಪ್ಪಿನಲ್ಲೂ ಇದರ ನೆಂಟರಿದ್ದಾರೆ. ಇದು ಲ್ಯಾಕ್ಟಿಕ್ ಆಮ್ಲ ತಯಾರಿಸಿ ಯೋನಿಯನ್ನು ಹುಳಿಯಾಗಿಡುತ್ತದೆ. ಇದರ ಕೈ ಮೇಲಾಗಿರುವ ಲೋಳೆಯಲ್ಲಿ ಎಚ್‌ಐವಿ ಕಣಗಳು ಅಂಟಿಕೊಂಡು ಕದಲದೆ ನಿಂತದ್ದನ್ನು 2015ರಲ್ಲಿ ವಿಜ್ಞಾನಿಗಳು ಕಂಡರು. ಅದೇ ಕುಲದ ಇನರ್ಸ್ ಹೆಚ್ಚಿದ್ದ ಲೋಳೆಯಲ್ಲಾದರೋ ಸಲೀಸಾಗಿ ಹಾದುಹೋದವು! ಬರಿಗಣ್ಣಿಗೆ ಎರಡೂ ಲೋಳೆಯೇ. ದಕ್ಷಿಣ ಆಫ್ರಿಕಾದ ಯುವತಿಯರ ಮೇಲೆ ನಡೆದ ಅಧ್ಯಯನದಲ್ಲಿ, ಈ ಹೆಪ್ಪು ಕೆಟ್ಟು ಬಗೆಬಗೆಯ ಬ್ಯಾಕ್ಟೀರಿಯಾ ಸೇರಿದವರಿಗೆ ಸೋಂಕಿನ ಅಪಾಯ ನಾಲ್ಕು ಪಟ್ಟಿತ್ತು.

ಹೀಗಿರುವಾಗ ‘ಒಳಗೂ ತೊಳೆದುಕೊಳ್ಳಿ’ ಎನ್ನುವ ಜಾಹೀರಾತು ಕಂಡರೆ ನನಗೆ ಸಿಟ್ಟು ಬರುತ್ತದೆ. ಇದರ ಪಾಠ ಹಳೆಯದು. ನಾನಾಕ್ಸಿನಾಲ್-9 ಸೋಪಿನ ಜಾತಿಯ ರಾಸಾಯನಿಕ. ಪ್ರಯೋಗಾಲಯದಲ್ಲಿ ಎಚ್‌ಐವಿಯನ್ನು ಕೊಲ್ಲುತ್ತಿತ್ತು. ಅದರ ಜೆಲ್ ಹಚ್ಚಿಕೊಂಡ ಲೈಂಗಿಕ ಕಾರ್ಯಕರ್ತೆಯರಲ್ಲೇ ಸೋಂಕು ಹೆಚ್ಚೆಂದು 2000ದ ಡರ್ಬನ್ ಏಡ್ಸ್ ಸಮ್ಮೇಳನದಲ್ಲಿ ತಿಳಿಯಿತು. ವೈರಾಣುವಿನ ಜೊತೆ ಗೋಡೆಯನ್ನೂ ಅದು ಕೆರೆದಿತ್ತು.

ಎಚ್‌ಐವಿ ತಡೆಗೆ ಬಂದಿರುವ ಲೆನಾಕಾಪಾವಿರ್ ಎಂಬ ಔಷಧ ಗೋಡೆಯ ತಂಟೆಗೆ ಹೋಗುವುದಿಲ್ಲ. ಕೋಶದೊಳಗೇ ವೈರಾಣುವಿನ ಚಿಪ್ಪನ್ನು ಹಿಡಿದು ಕೆಲಸ ಕೆಡಿಸುತ್ತದೆ. 2024ರಲ್ಲಿ ದಕ್ಷಿಣ ಆಫ್ರಿಕಾ, ಉಗಾಂಡಾಗಳ ಪ್ರಯೋಗದ ಫಲಿತಾಂಶ ಬಂದಾಗ, ಅದನ್ನು ಪಡೆದ 2,134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗುಲಿರಲಿಲ್ಲ. ವರ್ಷಕ್ಕೆ ಎರಡೇ ಚುಚ್ಚುಮದ್ದು. ಕಾಂಡೋಮಿನಂತೆ ಗಂಡನನ್ನು ಒಪ್ಪಿಸಬೇಕಿಲ್ಲ.