ವದಂತಿಯ ಸರಪಳಿ ಕ್ರಿಯೆ

2023ರ ಸೆಪ್ಟೆಂಬರ್ 6ರಂದು ನಟಿ ರಮ್ಯಾ (ದಿವ್ಯಾ ಸ್ಪಂದನಾ) ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಅಂತರ್ಜಾಲದಲ್ಲಿ ಹಬ್ಬಿತು. ಅವರು ವಿದೇಶದಲ್ಲಿ ಆರೋಗ್ಯವಾಗಿಯೇ ಇದ್ದರು. ಹಿಂದಿನ ತಿಂಗಳು ನಟ ವಿಜಯ ರಾಘವೇಂದ್ರ ಅವರ ಪತ್ನಿ ಸ್ಪಂದನಾ ಹೃದಯಾಘಾತದಿಂದ ನಿಧನರಾಗಿದ್ದರು. ಹೆಸರಿನ ಈ ಹೋಲಿಕೆಯಿಂದ ಸುಳ್ಳು ನಿಜವೆನಿಸಿರಬೇಕು.

ಅದು ಅಷ್ಟು ಬೇಗ ಹಬ್ಬಿದ್ದು ಹೇಗೆ? ಇಂಡಿಯ ಒಬ್ಬರು ಇಂಥ ಸಂದೇಶವನ್ನು ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಐವರಿಗೆ ಕಳಿಸಿದರೆನ್ನಿ. ಪ್ರತಿಯೊಬ್ಬರೂ ಹೊಸ ಐವರಿಗೆ ಕಳಿಸುತ್ತ ಹೋದರೆ 5, 25, 125 ಎಂದು ಬೆಳೆದು ಆರನೆಯ ಹಂತದಲ್ಲಿ 15,625 ಜನರಿಗೆ ತಲಪುತ್ತದೆ. ಯುರೇನಿಯಂ ವಿದಳನದ ಸರಪಳಿ ಕ್ರಿಯೆಯೂ ಹೀಗೆಯೇ. ಒಂದು ವಿದಳನದಿಂದ ಸರಾಸರಿ ಒಂದಕ್ಕಿಂತ ಹೆಚ್ಚು ವಿದಳನಗಳಾದರೆ ಕ್ರಿಯೆ ಬೆಳೆಯುತ್ತದೆ, ಕಡಿಮೆಯಾದರೆ ನಂದುತ್ತದೆ. ಈ ಸಂಖ್ಯೆಯೇ ಗುಣಕ. ರಿಯಾಕ್ಟರಿನ ನಿಯಂತ್ರಕ ದಂಡಗಳು ನ್ಯೂಟ್ರಾನ್‌ಗಳನ್ನು ಹೀರಿ ಗುಣಕವನ್ನು ಹತೋಟಿಯಲ್ಲಿಡುತ್ತವೆ.

ವದಂತಿ ಪ್ರಾಣವನ್ನೂ ತೆಗೆಯಬಲ್ಲದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಯುವಕನೊಬ್ಬ ಬಲಿಯಾದ. ಅದೇ ತಿಂಗಳು ವಾಟ್ಸ್‌ಆ್ಯಪ್, ಭಾರತದಲ್ಲಿ ಸಂದೇಶವೊಂದನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸುವ ಮಿತಿಯನ್ನು ಪ್ರಕಟಿಸಿತು. 2020ರಲ್ಲಿ, ಹಲವು ಕೈ ದಾಟಿ ಬಂದ ಸಂದೇಶಕ್ಕೆ ಮಿತಿ ಒಂದಕ್ಕಿಳಿಯಿತು. ಇವೂ ನಿಯಂತ್ರಕ ದಂಡಗಳೇ. ಆದರೆ ಆ ‘ಒಂದು ಕಡೆ’ ನೂರಾರು ಜನರ ಗುಂಪೂ ಆಗಬಹುದು.

ಉಳಿದ ಕೆಲಸ ಓದುವವರದು. ನಮ್ಮ ಲೆಕ್ಕದಲ್ಲಿ ಐವರಲ್ಲಿ ಮೂವರು ಸಂದೇಶವನ್ನು ತಮ್ಮಲ್ಲೇ ನಿಲ್ಲಿಸಿದರೆ ಆರನೆಯ ಹಂತದಲ್ಲಿ ಅದು ತಲಪುವುದು 160 ಜನರಿಗೆ ಮಾತ್ರ. ನಾಲ್ವರು ನಿಲ್ಲಿಸಿದರೆ ಗುಣಕ 1. ನಿಲ್ಲಿಸುವವರ ಪಾಲು ಅದಕ್ಕೂ ಹೆಚ್ಚಾದರೆ ವದಂತಿ ತಾನಾಗಿ ನಂದುತ್ತದೆ.