ಮಕ್ಕಳ ಶಿಕ್ಷಣ ಸಾಲ ಮತ್ತು ಪೋಷಕರ ಸಿಬಿಲ್ ದಾಖಲೆ

ಮಾನ್ಯ ದಾನಿಗಳೇ, ವಿದ್ಯಾರ್ಥಿವೇತನ ಪಡೆಯುವ ಮಕ್ಕಳ ತಂದೆ ತಾಯಂದಿರೇ,

ನಮ್ಮ ವಿದ್ಯಾರ್ಥಿವೇತನ ಓದಿನ ಖರ್ಚಿನ ಒಂದು ಪಾಲಿಗೆ ಮಾತ್ರ ಆಸರೆ. ಇಂಜಿನಿಯರಿಂಗ್, ನರ್ಸಿಂಗ್‌ನಂಥ ಓದಿಗೆ ಉಳಿದ ಹಣ ಹೊಂದಿಸಲು ಆತಗೂರಿನ ಸುತ್ತಮುತ್ತಲಿನ ಪೋಷಕರು ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಕೇಳುವುದುಂಟು. ಸಾಮಾನ್ಯವಾಗಿ 4 ಲಕ್ಷ ರೂ.ವರೆಗೆ ಅಡಮಾನ ಬೇಕಿಲ್ಲ. ಆದರೆ ತಂದೆ ಅಥವಾ ತಾಯಿ ಜಂಟಿ ಸಾಲಗಾರರಾಗಿ ಸಹಿ ಹಾಕಬೇಕು. ಆಗ ಬ್ಯಾಂಕಿನವರು ಮಗುವಿನ ಅಂಕಪಟ್ಟಿಯ ಜೊತೆಗೆ ಪೋಷಕರ 'ಅಂಕಪಟ್ಟಿ'ಯನ್ನೂ ನೋಡುತ್ತಾರೆ. ಅದೇ ಸಿಬಿಲ್ ಸ್ಕೋರ್.

ಇದು 300ರಿಂದ 900ರವರೆಗೆ ಇರುತ್ತದೆ. 750 ದಾಟಿದರೆ ಒಳ್ಳೆಯದೆಂದು ಎಣಿಕೆ. ಬೈಕ್ ಸಾಲದ ಕಟ್ಟದ ಕಂತು, ಮೈಕ್ರೋ ಫೈನಾನ್ಸ್ ಬಾಕಿ, ನೆಂಟರಿಗೆ ಹಾಕಿದ ಜಾಮೀನು ಇವೂ ದಾಖಲೆಗೆ ಸೇರಬಹುದು. ಈವರೆಗೆ ಸಾಲವನ್ನೇ ಮಾಡದವರಿಗೆ ಸ್ಕೋರ್ ಇರುವುದಿಲ್ಲ. ಅದನ್ನು ಕೆಟ್ಟ ದಾಖಲೆ ಎಂದು ತಿಳಿಯಬೇಕಿಲ್ಲ.

ಕೆಟ್ಟ ದಾಖಲೆಯನ್ನು ಸರಿಪಡಿಸುವ ಕ್ರಮ ಹೀಗಿದೆ:

1. ಮೊದಲು ವರದಿ ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು.

2. ನಿಜವಾದ ಬಾಕಿಯಿದ್ದರೆ ಪೂರ್ತಿ ಕಟ್ಟಿ, 'ಬಾಕಿ ಇಲ್ಲ' ಎಂಬ ಪತ್ರ ಪಡೆದು ಜೋಪಾನವಾಗಿಡಿ. ಸ್ವಲ್ಪ ಹಣ ಬಿಡಿಸಿಕೊಂಡು ಸೆಟಲ್‌ಮೆಂಟ್ ಮಾಡಿಕೊಂಡರೆ ವರದಿಯಲ್ಲಿ 'ಸೆಟಲ್ಡ್' ಎಂದೇ ಉಳಿಯುತ್ತದೆ. ಮುಂದೆ ಸಾಲ ಕೊಡುವವರು ಅದನ್ನು ಒಳ್ಳೆಯ ಗುರುತಾಗಿ ನೋಡುವುದಿಲ್ಲ.

3. ತೀರಿಸಿದ ಸಾಲ ಬಾಕಿಯೆಂದು ಕಂಡರೆ, ಅಥವಾ ನಿಮ್ಮದಲ್ಲದ ಸಾಲ ನಿಮ್ಮ ಹೆಸರಿನಲ್ಲಿದ್ದರೆ, ಆ ಬ್ಯಾಂಕಿಗೂ ವರದಿ ಕೊಟ್ಟ ಕಂಪನಿಗೂ ದೂರು ಕೊಡಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂ. ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅಲ್ಲಿಗೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಇದಕ್ಕೆ ಶುಲ್ಕವಿಲ್ಲ.

4. ಇರುವ ಸಾಲದ ಕಂತನ್ನು ಗಡುವಿನೊಳಗೆ ಕಟ್ಟುತ್ತಾ ಬನ್ನಿ. ಒಂದೇ ಸಲ ನಾಲ್ಕೈದು ಕಡೆ ಸಾಲಕ್ಕೆ ಅರ್ಜಿ ಹಾಕಬೇಡಿ.

'ಹಣ ಕೊಡಿ, ಸಿಬಿಲ್ ಅಳಿಸಿಕೊಡುತ್ತೇವೆ' ಎನ್ನುವವರನ್ನು ನಂಬಬೇಡಿ. ತಪ್ಪು ದಾಖಲೆಯನ್ನು ತಿದ್ದಿಸಬಹುದು. ನಿಜವಾದ ದಾಖಲೆಯನ್ನು ಯಾರೂ ಅಳಿಸಲಾರರು. ಸ್ಕೋರ್ ಏರಲು ತಿಂಗಳುಗಳೇ ಬೇಕು. ಆದ್ದರಿಂದ ಸೀಟು ಸಿಕ್ಕ ಮೇಲೆ ಓಡಾಡುವ ಬದಲು, ಮಗು ಮೊದಲ ಪಿಯುಸಿಗೆ ಸೇರಿದಾಗಲೇ ವರದಿ ತೆಗೆಸಿ ನೋಡಿ.

ದಾನಿಗಳಲ್ಲಿ ಒಂದು ಮಾತು. ಜಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಸಿಲುಕಿದವರೂ ಒಬ್ಬರು. ತಂದೆಯ ಕೆಲವೇ ಸಾವಿರದ ಹಳೆಯ ಬಾಕಿ ಮಗಳ ಕಾಲೇಜಿನ ದಾರಿಗೆ ಅಡ್ಡ ನಿಂತಿರಬಹುದು. ಅರ್ಹ ಕುಟುಂಬದ ಅಂಥ ಬಾಕಿ ತೀರಿಸುವುದೂ ವಿದ್ಯೆಗೆ ಕೊಟ್ಟ ನೆರವೇ.

— ನಿವೃತ್ತ ಶಿಕ್ಷಕರು, ಆತಗೂರು